ಊಟದ ಮೇಜಿನ ಮೇಲೆ ಹರಡಿದ ವರ್ಣತಂತುಗಳು

ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂದು ಖಚಿತವಾದದ್ದೇ 1956ರಲ್ಲಿ. ಅಲ್ಲಿಯವರೆಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪಠ್ಯಪುಸ್ತಕಗಳು 48 ಎಂದೇ ಹೇಳಿಕೊಂಡು ಬಂದಿದ್ದವು. ಸ್ವೀಡನ್ನಿನ ಲುಂಡ್ ನಗರದಲ್ಲಿ ಜೋ ಹಿನ್ ತ್ಜಿಯೊ ಮತ್ತು ಆಲ್ಬರ್ಟ್ ಲೆವಾನ್ ಸೇರಿ ಎಣಿಕೆಯನ್ನು ತಿದ್ದಿದರು. ಲೆಕ್ಕವೇ ಇಷ್ಟು ತಡವಾಗಿ ಸರಿಹೋದ ಶಾಸ್ತ್ರದಲ್ಲಿ ನಾಲ್ಕೇ ವರ್ಷಕ್ಕೆ ಒಂದು ಕ್ಯಾನ್ಸರಿನ ಗುರುತು ಕಣ್ಣಿಗೆ ಬಿತ್ತು.

ಅದು ಬಿದ್ದದ್ದು ಪೀಟರ್ ನೋವೆಲ್ ಎಂಬ ರೋಗಶಾಸ್ತ್ರಜ್ಞರ ಕಣ್ಣಿಗೆ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಲ್ಯುಕೇಮಿಯಾ ರೋಗಿಗಳ ಬಿಳಿ ರಕ್ತಕಣಗಳನ್ನು ಗಾಜಿನ ಪಟ್ಟಿಯ ಮೇಲೆ ಬೆಳೆಸಿ ನೋಡುತ್ತಿದ್ದ ಅವರು ಪಟ್ಟಿಗಳನ್ನು ನಲ್ಲಿ ನೀರಿನಲ್ಲಿ ತೊಳೆದರು. ನೀರು ಹೀರಿ ಜೀವಕೋಶಗಳು ಉಬ್ಬಿದವು, ಒಂದರ ಮೇಲೊಂದು ಮುದುಡಿ ಕೂತಿದ್ದ ವರ್ಣತಂತುಗಳು ಬಿಡಿಬಿಡಿಯಾದವು. ವರ್ಣತಂತುಗಳ ವಿಷಯ ನೋವೆಲ್ ಓದಿದ್ದಲ್ಲ. ಅದನ್ನು ಬಲ್ಲವರು ಯಾರಿದ್ದಾರೆ ಎಂದು ಅದೇ ಊರಿನಲ್ಲಿ ಹುಡುಕಿದಾಗ ಸಿಕ್ಕವರು ಡೇವಿಡ್ ಹಂಗರ್‌ಫರ್ಡ್ ಎಂಬ ಯುವ ಸಂಶೋಧಕ. ಸಿಎಂಎಲ್ ಎಂದು ವೈದ್ಯರು ಕರೆಯುವ ದೀರ್ಘಕಾಲೀನ ಮಯಲಾಯ್ಡ್ ಲ್ಯುಕೇಮಿಯಾ ಬಂದವರಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿರುವುದನ್ನು ಅವರು ಗಮನಿಸಿದರು. 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇಬ್ಬರ ಹೆಸರಿನಲ್ಲಿ ಚಿಕ್ಕದೊಂದು ವರದಿ ಬಂತು. ಆ ಗಿಡ್ಡ ವರ್ಣತಂತುವಿಗೆ ಊರಿನ ಹೆಸರೇ ನಿಂತಿತು: ಫಿಲಡೆಲ್ಫಿಯಾ ಕ್ರೋಮೋಸೋಮ್.

ಸಿಎಂಎಲ್ ಬಂದವರಿಗೆ ಮೊದಮೊದಲು ಸುಸ್ತು, ತೂಕ ಇಳಿಯುವುದು, ಗುಲ್ಮ ಊದಿ ಎಡ ಪಕ್ಕೆಯ ಕೆಳಗೆ ಭಾರ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಹತ್ತು ಹನ್ನೊಂದು ಸಾವಿರದೊಳಗೆ ಇರಬೇಕಾದ ಬಿಳಿ ಕಣಗಳು ಲಕ್ಷ ದಾಟಿರುವುದುಂಟು. ಆಗಿನ ಕಾಲಕ್ಕೆ ಕೆಲವು ವರ್ಷ ಹೀಗೇ ಕಳೆದು, ಒಂದು ಹಂತದಲ್ಲಿ ಕಾಯಿಲೆ ಉಗ್ರರೂಪಕ್ಕೆ ತಿರುಗುತ್ತಿತ್ತು. ಅಲ್ಲಿಂದ ಮುಂದೆ ತಿಂಗಳುಗಳ ಲೆಕ್ಕ. ಅಂಥ ಕಾಯಿಲೆಯಲ್ಲಿ ರೋಗಿಯಿಂದ ರೋಗಿಗೆ ಒಂದೇ ಬಗೆಯ ಗುರುತು ಸಿಕ್ಕಿತೆಂದರೆ ಜಗತ್ತು ಅದರ ಹಿಂದೆ ಬೀಳಬೇಕಿತ್ತು. ಹಾಗಾಗಲಿಲ್ಲ. ವರ್ಣತಂತುಗಳ ಏರುಪೇರಿನಿಂದಲೇ ಕ್ಯಾನ್ಸರ್ ಹುಟ್ಟುತ್ತದೆ ಎಂದು ಜರ್ಮನಿಯ ಥಿಯೊಡೋರ್ ಬೊವೇರಿ 1914ರಷ್ಟು ಹಿಂದೆಯೇ ಬರೆದಿದ್ದರು, ನಿಜ. ಆದರೆ ಬೇರೆ ಬೇರೆ ಗಡ್ಡೆಗಳಲ್ಲಿ ಕಾಣುತ್ತಿದ್ದದ್ದು ಬರೀ ಗೊಂದಲ. ಒಂದರಲ್ಲಿ ಅರುವತ್ತು ವರ್ಣತಂತುಗಳಿದ್ದರೆ ಇನ್ನೊಂದರಲ್ಲಿ ಎಂಬತ್ತು. ಇದೆಲ್ಲ ಕ್ಯಾನ್ಸರ್ ಬಂದ ಮೇಲೆ ಆಗುವ ಹಾಳು, ಕ್ಯಾನ್ಸರಿಗೆ ಕಾರಣವಲ್ಲ ಎಂದು ಬಹುತೇಕ ವಿಜ್ಞಾನಿಗಳು ನಂಬಿದರು. ಫಿಲಡೆಲ್ಫಿಯಾದ ಗುರುತನ್ನು ಅಪವಾದವೆಂದು ಬದಿಗಿಟ್ಟರು.

ಆ ಅಪವಾದವನ್ನು ನಿಯಮವಾಗಿ ಮಾರ್ಪಡಿಸಿದವರು ಶಿಕಾಗೊದ ಜಾನೆಟ್ ರೌಲಿ. 1962ರಲ್ಲಿ ಅವರು ಈ ಕೆಲಸಕ್ಕೆ ಕೈಹಾಕಿದಾಗ ವಯಸ್ಸು ಮೂವತ್ತೇಳು. ಮನೆಯಲ್ಲಿ ಚಿಕ್ಕ ಮಕ್ಕಳು, ಸಂಶೋಧಕಿ ಎಂಬ ಹೆಸರಿಲ್ಲ, ಪಿಎಚ್‌ಡಿ ಇಲ್ಲ.

ರೌಲಿ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, 1925ರ ಏಪ್ರಿಲ್ 5ರಂದು. ಬೆಳೆದದ್ದು ಶಿಕಾಗೊದಲ್ಲಿ. ಹದಿನೈದನೆಯ ವಯಸ್ಸಿಗೇ ವಿದ್ಯಾರ್ಥಿವೇತನದ ಮೇಲೆ ಶಿಕಾಗೊ ವಿಶ್ವವಿದ್ಯಾಲಯ ಸೇರಿದ ಹುಡುಗಿ. ವೈದ್ಯಕೀಯಕ್ಕೆ ಆಯ್ಕೆಯಾದಾಗ ಅಡ್ಡಿ ಎದುರಾಯಿತು. 65 ಮಂದಿಯ ತರಗತಿಯಲ್ಲಿ ಹೆಣ್ಣುಮಕ್ಕಳಿಗೆ ಇದ್ದದ್ದು ಮೂರೇ ಸೀಟು, ಆ ಮೂರೂ ಭರ್ತಿಯಾಗಿದ್ದವು. ಒಂಬತ್ತು ತಿಂಗಳು ಕಾದು ಮುಂದಿನ ತರಗತಿಗೆ ಸೇರಿಕೊಂಡರು. 1948ರಲ್ಲಿ ವೈದ್ಯಪದವಿ ಬಂತು, ಮರುದಿನವೇ ಸಹಪಾಠಿ ಡೊನಾಲ್ಡ್ ರೌಲಿ ಜತೆ ಮದುವೆ.

ಅದೇ 1948ರ ಬೇಸಿಗೆಯಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್, ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟಾಗ ಕೆಲವರು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರೆಂದು ವರದಿ ಮಾಡಿದರು. ಆ ಔಷಧ ತಯಾರಾದದ್ದು ನಮ್ಮ ನೆರೆಯ ಆಂಧ್ರದ ಭೀಮಾವರಂನಿಂದ ಹೋಗಿ ಲೆಡರ್ಲೆ ಕಂಪನಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಮಕ್ಕಳ ಲ್ಯುಕೇಮಿಯಾಕ್ಕೆ ಔಷಧಿಯುಂಟು ಎಂಬ ಭರವಸೆ ಹುಟ್ಟಿದ್ದು ಅಲ್ಲಿಂದ. ಆ ವರ್ಷದ ಆಗಸ್ಟಿನಲ್ಲೇ ಸುಬ್ಬರಾವ್ ತೀರಿಕೊಂಡರು. ಕಾಯಿಲೆಯ ಮೂಲ ಎಲ್ಲಿದೆ ಎಂಬುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ.

ರೌಲಿ ದಂಪತಿಗೆ ನಾಲ್ವರು ಗಂಡುಮಕ್ಕಳು. ಮಕ್ಕಳು ಬೆಳೆಯುವವರೆಗೆ ವಾರಕ್ಕೆ ಕೆಲವು ದಿನ ಮಾತ್ರ ದುಡಿಯುವುದೆಂದು ಆಕೆಯೇ ತೀರ್ಮಾನಿಸಿಕೊಂಡಿದ್ದರು. ಶಿಕಾಗೊದಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದರು. 1959ರಲ್ಲಿ ಪ್ಯಾರಿಸ್ಸಿನಿಂದ ಸುದ್ದಿ ಬಂತು. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜೀವಕೋಶದಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿದೆ ಎಂದು ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿದ್ದರು. ದಿನಬೆಳಗಾದರೆ ತಾನು ನೋಡುತ್ತಿರುವ ಮಕ್ಕಳ ಸ್ಥಿತಿಗೆ ಸೂಕ್ಷ್ಮದರ್ಶಕದಡಿ ಕಾಣುವಂಥ ಕಾರಣವೊಂದಿದೆ ಎಂದಾಗ ಆ ವೈದ್ಯೆಯ ಕುತೂಹಲ ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ. 1961ರಲ್ಲಿ ಗಂಡನಿಗೆ ಆಕ್ಸ್‌ಫರ್ಡಿನಲ್ಲಿ ಒಂದು ವರ್ಷ ಕಳೆಯುವ ಅವಕಾಶ ಬಂದಾಗ ರೌಲಿ ಸುಮ್ಮನೆ ಜತೆಗೆ ಹೋಗಲಿಲ್ಲ. ತಮಗೂ ಒಂದು ಫೆಲೋಶಿಪ್ ಗಿಟ್ಟಿಸಿಕೊಂಡು, ಅಲ್ಲಿನ ಚರ್ಚಿಲ್ ಆಸ್ಪತ್ರೆಯಲ್ಲಿ ಲಾಸ್ಲೊ ಲಾಯ್ತಾ ಎಂಬ ರಕ್ತಶಾಸ್ತ್ರಜ್ಞರ ಬಳಿ ವರ್ಣತಂತುಗಳು ಹೇಗೆ ಇಮ್ಮಡಿಯಾಗುತ್ತವೆ ಎಂಬುದನ್ನು ಅಭ್ಯಾಸ ಮಾಡಿದರು.

1962ರಲ್ಲಿ ಶಿಕಾಗೊಗೆ ಮರಳಿದಾಗ ಅರ್ಧಕ್ಕೆ ನಿಂತ ಕೆಲಸ ಕೈಯಲ್ಲಿತ್ತು, ಅದನ್ನು ಮುಂದುವರಿಸಲು ಜಾಗವಿರಲಿಲ್ಲ. ವಿಶ್ವವಿದ್ಯಾಲಯದ ಹಿರಿಯ ರಕ್ತಶಾಸ್ತ್ರಜ್ಞ ಲಿಯೋನ್ ಜೇಕಬ್ಸನ್ ಅವರ ಬಳಿ ಹೋಗಿ, ಒಂದು ಸೂಕ್ಷ್ಮದರ್ಶಕವನ್ನೂ ಫೋಟೊ ತೊಳೆಯಲು ಒಂದು ಕತ್ತಲೆಕೋಣೆಯನ್ನೂ ಕೇಳಿದರು. ಜತೆಗೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡುವಷ್ಟಾದರೂ ಸಂಬಳ ಬೇಕೆಂದರು. ಜೇಕಬ್ಸನ್ ಒಪ್ಪಿದರು. ವರ್ಷಕ್ಕೆ 5,000 ಡಾಲರ್, ವಾರಕ್ಕೆ ಮೂರು ದಿನ. ಪ್ರಕಟವಾದ ಒಂದೆರಡು ಪ್ರಬಂಧಗಳಾಚೆ ತೋರಿಸಲು ಏನೂ ಇಲ್ಲದ, ಪೂರ್ತಿ ಹೊತ್ತು ಬರಲಾರೆ ಎಂದು ಮೊದಲೇ ಹೇಳುವ ಒಬ್ಬ ವೈದ್ಯೆಗೆ ಹೀಗೆ ಜಾಗ ಕೊಟ್ಟ ಜೇಕಬ್ಸನ್ನರನ್ನು ಈ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು ನನಗನ್ನಿಸುತ್ತದೆ. ಇಂದಿನ ಯಾವ ಆಯ್ಕೆ ಸಮಿತಿಯೂ ಆ ಅರ್ಜಿಯನ್ನು ಎರಡನೆಯ ಸಲ ನೋಡುತ್ತಿರಲಿಲ್ಲ.

ತಮ್ಮ ರೋಗಿಗಳ ಮಜ್ಜೆಯ ಜೀವಕೋಶಗಳಲ್ಲಿ ವರ್ಣತಂತುಗಳು ಹೇಗಿವೆ ನೋಡಿ ಎಂದು ಜೇಕಬ್ಸನ್ ಹೇಳಿದರು. ರೌಲಿ ನೋಡತೊಡಗಿದರು. ಒಂದು, ಎರಡು, ಐದು, ಎಂಟು ವರ್ಷ. ಹೇಳಿಕೊಳ್ಳುವಂಥದ್ದೇನೂ ಕೈಗೆ ಹತ್ತಲಿಲ್ಲ. ಆ ಕಾಲದ ಬಣ್ಣ ಹಚ್ಚುವ ವಿಧಾನದಲ್ಲಿ ವರ್ಣತಂತುಗಳೆಲ್ಲ ಉದ್ದಕ್ಕೂ ಒಂದೇ ಸಮನೆ ಕಪ್ಪು. ಉದ್ದ ಮತ್ತು ನಡುವಿನ ಇರುಕು ನೋಡಿ ಏಳು ಗುಂಪು ಮಾಡಬಹುದಿತ್ತು, ಅಷ್ಟೆ. ಗುಂಪಿನೊಳಗೆ ಯಾವುದು 8, ಯಾವುದು 9 ಎಂದು ಹೇಳುವ ಬಗೆಯಿರಲಿಲ್ಲ. ಮಜ್ಜೆ ಬಂತು, ಪಟ್ಟಿ ತಯಾರಾಯಿತು, ಫೋಟೊ ತೆಗೆದರು, ಕತ್ತರಿಸಿದರು, ಜೋಡಿಸಿದರು, ಟಿಪ್ಪಣಿ ಬರೆದರು, ಕಪಾಟಿನಲ್ಲಿಟ್ಟರು. ಕಲ್ಪನೆಯೊಂದನ್ನು ಮುಂದಿಟ್ಟುಕೊಂಡು ಅದನ್ನು ಸಾಧಿಸಲು ಹೊರಡುವ ವಿಜ್ಞಾನಕ್ಕೆ ಸಿಗುವ ಮರ್ಯಾದೆ ಹೀಗೆ ಬರಿದೇ ನೋಡುವ ವಿಜ್ಞಾನಕ್ಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಕಪಾಟು ತುಂಬದೇ ಹೋಗಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ಬದಲಾವಣೆ ಬಂದದ್ದು ಸ್ವೀಡನ್ನಿನಿಂದ. ಟಾರ್ಬ್ಯೋರ್ನ್ ಕಾಸ್ಪರ್ಸನ್, ಲೋರೆ ಜೆಖ್ ಮತ್ತು ಸಂಗಡಿಗರು ಕ್ವಿನಾಕ್ರಿನ್ ಮಸ್ಟರ್ಡ್ ಎಂಬ ಬಣ್ಣ ಹಚ್ಚಿ ಅತಿನೇರಳೆ ಬೆಳಕಿನಲ್ಲಿ ನೋಡಿದಾಗ ವರ್ಣತಂತುಗಳು ಅಡ್ಡ ಪಟ್ಟೆಪಟ್ಟೆಯಾಗಿ ಹೊಳೆದವು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರು ಮಲೇರಿಯಾಕ್ಕೆಂದು ನುಂಗುತ್ತಿದ್ದ ಕ್ವಿನಾಕ್ರಿನ್ನಿನ ಸಂಬಂಧಿ ಅದು. ಪ್ರತಿ ವರ್ಣತಂತುವಿಗೂ ಪಟ್ಟೆಗಳ ವಿನ್ಯಾಸ ಬೇರೆ, ಹಾಗಾಗಿ ಮೊದಲ ಬಾರಿಗೆ ಒಂದೊಂದನ್ನೂ ಗುರುತಿಸಲು ಬಂತು. ಫಿಲಡೆಲ್ಫಿಯಾದ ಗಿಡ್ಡ ವರ್ಣತಂತು 22ನೆಯದು ಎಂದು ಸ್ಪಷ್ಟವಾದದ್ದೂ ಈ ವಿಧಾನದಿಂದಲೇ. 1970ರಲ್ಲಿ ಗಂಡನ ಜತೆ ಮತ್ತೊಮ್ಮೆ ಆಕ್ಸ್‌ಫರ್ಡಿಗೆ ಹೋದ ರೌಲಿ ಇದನ್ನು ಕಲಿತುಕೊಂಡು ಬಂದರು.

1972ರ ಚಿತ್ರವನ್ನು ಅವರೇ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹೊಳಪು ಬೇಗ ಮಾಸುವುದರಿಂದ ಲ್ಯಾಬಿನಲ್ಲಿ ಅವಸರವಸರವಾಗಿ ಫೋಟೊ ತೆಗೆಯಬೇಕು. ಆ ಫೋಟೊಗಳನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಕತ್ತರಿ ಹಿಡಿದು ಒಂದೊಂದೇ ವರ್ಣತಂತುವನ್ನು ಕತ್ತರಿಸಿ ಜೋಡಿ ಮಾಡಬೇಕು. ಅಮ್ಮ ಕಾಗದದ ಗೊಂಬೆ ಕತ್ತರಿಸಿ ಆಡುತ್ತಿದ್ದಾಳೆಂದು ಮಕ್ಕಳು ನಗುತ್ತಿದ್ದರಂತೆ. ಮೇಜಿನ ಹತ್ತಿರ ಬಂದರೆ ಸೀನಬೇಡಿ ಎಂದು ಅವರಿಗೆ ತಾಕೀತು. ಲ್ಯಾಬಿನ ಗಡಿಬಿಡಿಯಿಲ್ಲದ ಆ ಮೇಜಿನ ಮೇಲೆ ಎಎಂಎಲ್ ಎಂಬ ತೀವ್ರ ಲ್ಯುಕೇಮಿಯಾದ ಒಬ್ಬ ರೋಗಿಯ ಚಿತ್ರದಲ್ಲಿ 8ನೆಯದರ ಒಂದು ತುಂಡು 21ಕ್ಕೂ 21ರ ಒಂದು ತುಂಡು 8ಕ್ಕೂ ಹೋಗಿರುವಂತೆ ಕಂಡಿತು. ಅಂಥದೇ ಮತ್ತೊಂದು ಪ್ರಕರಣ ಸಿಕ್ಕಾಗ ಇದು ಆಕಸ್ಮಿಕವಲ್ಲ ಎನಿಸಿತು. 1973ರಲ್ಲಿ ಒಂದು ಫ್ರೆಂಚ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಗಮನಿಸಿದವರು ಕಡಿಮೆ.

ಅದೇ ಹೊತ್ತಿಗೆ ಅವರು ಸಿಎಂಎಲ್ ರೋಗಿಗಳ ಜೀವಕೋಶಗಳನ್ನೂ ನೋಡುತ್ತಿದ್ದರು. 22ನೆಯದು ಗಿಡ್ಡವಾಗಿದೆ, ಅದು ಗೊತ್ತಿದ್ದದ್ದೇ. ಅದರ ಕೆಳತುದಿ ಕಳಚಿ ನಾಶವಾಗಿದೆ ಎಂದು ಹನ್ನೆರಡು ವರ್ಷಗಳಿಂದ ಎಲ್ಲರೂ ನಂಬಿದ್ದರು. ರೌಲಿಗೆ ಕಂಡದ್ದು 9ನೆಯದರ ತುದಿಯಲ್ಲಿ ಎಂದೂ ಇರದ ಮಸುಕಾದ ಒಂದು ಹೆಚ್ಚಿನ ಚೂರು. ಅಳತೆ ನೋಡಿದರೆ 22ರಲ್ಲಿ ಇಲ್ಲವಾದಷ್ಟೇ. ಇನ್ನೊಬ್ಬ ರೋಗಿಯಲ್ಲೂ ಹಾಗೆಯೇ, ಮತ್ತೊಬ್ಬರಲ್ಲೂ ಹಾಗೆಯೇ. ಹುಟ್ಟಿನಿಂದಲೇ ಆ ಮನುಷ್ಯನ 9ನೆಯದು ಹಾಗಿರಬಹುದಲ್ಲ ಎಂಬ ಪ್ರಶ್ನೆ ಸಹಜ. ಅದೇ ರೋಗಿಗಳ ಆರೋಗ್ಯವಂತ ಜೀವಕೋಶಗಳನ್ನು ತೆಗೆದು ನೋಡಿದರು. ಅಲ್ಲಿ 9 ಸರಿಯಾಗಿತ್ತು, 22 ಸರಿಯಾಗಿತ್ತು. ಹಾಗಾದರೆ ಏನೂ ಕಳೆದುಹೋಗಿರಲಿಲ್ಲ. ಬೈಂಡಿಂಗ್ ಮಾಡುವಾಗ ಒಂದು ಪುಸ್ತಕದ ಕೊನೆಯ ಹಾಳೆಗಳು ಇನ್ನೊಂದರಲ್ಲಿ ಸೇರಿಹೋದಂತೆ ಜಾಗ ಬದಲಾಗಿತ್ತು. ಈ ವರದಿ 1973ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು, ಒಬ್ಬರದೇ ಹೆಸರಿನಲ್ಲಿ.

ಅದುವರೆಗಿನ ತಿಳಿವಳಿಕೆಯಲ್ಲಿ ನಷ್ಟವೆಂದರೆ ನಷ್ಟ, ಅದರಿಂದ ಮುಂದೆ ದಾರಿಯಿಲ್ಲ. ಜಾಗ ಬದಲಾಗಿದೆ ಎಂದರೆ ಬೇರೆ ಪ್ರಶ್ನೆಗಳು ಹುಟ್ಟುತ್ತವೆ. ತುಂಡಾದ ಜಾಗದಲ್ಲಿ ಏನಿತ್ತು, ಬಂದು ಕೂಡಿಕೊಂಡದ್ದು ಏನು, ಎರಡೂ ಸೇರಿ ಏನಾಯಿತು? ಇವನ್ನು ಕೇಳಲು ಆಗ ಉಪಕರಣವಿರಲಿಲ್ಲ. ಕೇಳಬೇಕಾದ ಜಾಗ ಯಾವುದೆಂದು ಬೆರಳಿಟ್ಟು ತೋರಿಸಿದ್ದೇ ರೌಲಿ ಮಾಡಿದ ಕೆಲಸ.

ಇಂಥ ಅದಲುಬದಲು ಕ್ಯಾನ್ಸರಿಗೆ ಕಾರಣವೇ ಎಂಬ ಸಂಶಯ ಬೇಗ ಕರಗಲಿಲ್ಲ. ರೌಲಿ ವಾದಕ್ಕೆ ಹೆಚ್ಚು ಹೋಗದೆ ಉದಾಹರಣೆಗಳನ್ನು ಪೇರಿಸಿದರು. 1977ರಲ್ಲಿ ಹಾರ್ವಿ ಗೊಲೊಂಬ್ ಮತ್ತಿತರರ ಜತೆ ಪ್ರೋಮಯಲೋಸೈಟಿಕ್ ಲ್ಯುಕೇಮಿಯಾದಲ್ಲಿ 15 ಮತ್ತು 17ರ ನಡುವಣ ಅದಲುಬದಲನ್ನು ತೋರಿಸಿದರು. ರಕ್ತ ಹೆಪ್ಪುಗಟ್ಟದೆ ಮೈತುಂಬ ಸೋರಿ ದಿನಗಳಲ್ಲೇ ಕೊಲ್ಲಬಲ್ಲ ಭೀಕರ ಕಾಯಿಲೆ ಅದು. ಅದರ ಮುಂದಿನ ಕಥೆ ಚೀನಾದಲ್ಲಿ ನಡೆಯಿತು. 1980ರ ದಶಕದಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಈ ರೋಗಿಗಳಿಗೆ ‘ಎ’ ಜೀವಸತ್ವದ ಒಂದು ರೂಪವಾದ ರೆಟಿನಾಯಿಕ್ ಆಮ್ಲವನ್ನು ಗುಳಿಗೆಯಾಗಿ ಕೊಟ್ಟರು. 1988ರಲ್ಲಿ ಪ್ರಕಟವಾದ ವರದಿಯ 24 ರೋಗಿಗಳಲ್ಲಿ 23 ಮಂದಿಗೆ ಆ ಒಂದೇ ಔಷಧಿಯಿಂದ ಕಾಯಿಲೆ ಅಡಗಿತ್ತು. 17ನೆಯ ವರ್ಣತಂತು ತುಂಡಾಗುವುದು ಆ ಆಮ್ಲವನ್ನು ಹಿಡಿದುಕೊಳ್ಳುವ ಪ್ರೋಟೀನಿನ ವಂಶವಾಹಿಯ ನಡುವೆಯೇ ಎಂದು ಎರಡು ವರ್ಷದ ಬಳಿಕ ಗೊತ್ತಾಯಿತು. ಶಿಕಾಗೊದಲ್ಲಿ ಕಂಡದ್ದೂ ಶಾಂಘೈನಲ್ಲಿ ಗುಣವಾದದ್ದೂ ಒಂದೇ ಜಾಗದಲ್ಲಿ ಬಂದು ಸೇರಿದವು.

ರೌಲಿಯ ಕೆಲಸದ ಇನ್ನೊಂದು ಭಾಗ ಇಷ್ಟು ಪ್ರಸಿದ್ಧವಲ್ಲ, ನನ್ನ ಮಟ್ಟಿಗೆ ಅಷ್ಟೇ ದೊಡ್ಡದು. ಹಾಜ್ಕಿನ್ಸ್ ಕಾಯಿಲೆಯಂಥ ಕ್ಯಾನ್ಸರುಗಳಿಗೆ ಕೀಮೊಥೆರಪಿ, ವಿಕಿರಣ ಪಡೆದು ಗುಣವಾದವರಲ್ಲಿ ಕೆಲವರಿಗೆ ವರ್ಷಗಳ ಬಳಿಕ ಲ್ಯುಕೇಮಿಯಾ ಬರುತ್ತಿತ್ತು. ಅವರ ಮಜ್ಜೆಯಲ್ಲಿ 5 ಅಥವಾ 7ನೆಯ ವರ್ಣತಂತು, ಪೂರ್ತಿಯಾಗಿಯೋ ಭಾಗಶಃವೋ, ಮತ್ತೆ ಮತ್ತೆ ಇಲ್ಲವಾಗಿರುವುದನ್ನು ರೌಲಿ ಮತ್ತು ಸಹೋದ್ಯೋಗಿಗಳು ದಾಖಲಿಸಿದರು. ಬದುಕಿಸಿದ ಚಿಕಿತ್ಸೆಯೇ ಇನ್ನೊಂದು ಕಾಯಿಲೆಗೆ ದಾರಿಯಾದೀತೆಂಬ ಕಹಿಸತ್ಯವನ್ನು ವೈದ್ಯಲೋಕ ಮುಚ್ಚುಮರೆಯಿಲ್ಲದೆ ಎದುರಿಸುವುದಕ್ಕೆ ಈ ದಾಖಲೆಗಳು ಬೇಕಾಗಿದ್ದವು.

ಸಿಎಂಎಲ್ ಎಬ್ಬಿಸಿದ್ದ ಪ್ರಶ್ನೆಗಳನ್ನು ಕೇಳುವ ಉಪಕರಣಗಳು 1980ರ ದಶಕದಲ್ಲಿ ಬಂದವು. 9ರಲ್ಲಿ ತುಂಡಾಗುವ ಜಾಗದಲ್ಲಿ ಏಬಲ್ ಎಂಬ ವಂಶವಾಹಿ ಇದೆ, ಅದು ಹೋಗಿ 22ರ ಮೇಲೆ ಕೂತುಕೊಳ್ಳುತ್ತದೆ ಎಂದು 1982ರಲ್ಲಿ ತಿಳಿಯಿತು. ಅಂದರೆ ಅದಲುಬದಲು ಎರಡೂ ಕಡೆಯಿಂದ ಎಂಬುದು ಅಲ್ಲಿಗೆ ಸಿದ್ಧವಾಯಿತು. 22ರಲ್ಲಿ ಅದು ಅಂಟಿಕೊಳ್ಳುವ ಜಾಗಕ್ಕೆ ಬಿಸಿಆರ್ ಎಂದು ಹೆಸರಿಟ್ಟರು. ಎರಡೂ ಬೆಸೆದ ವಂಶವಾಹಿಯಿಂದ ಹುಟ್ಟುವ ಪ್ರೋಟೀನು ಟೈರೋಸಿನ್ ಕೈನೇಸ್ ಎಂಬ ಕಿಣ್ವ. ಆರೋಗ್ಯವಂತ ಜೀವಕೋಶದಲ್ಲಿ ಅಂಥ ಕಿಣ್ವ ಬೇಕೆಂದಾಗ ಮಾತ್ರ ಎಚ್ಚರವಾಗಿ ವಿಭಜನೆಗೆ ಅಪ್ಪಣೆ ಕೊಡುತ್ತದೆ. ಬೆಸೆದ ರೂಪದಲ್ಲಿ ಅದು ಸುಮ್ಮನಾಗುವುದೇ ಇಲ್ಲ. 1990ರಲ್ಲಿ ಜಾರ್ಜ್ ಡೇಲಿ, ರಿಚರ್ಡ್ ವ್ಯಾನ್ ಎಟ್ಟೆನ್, ಡೇವಿಡ್ ಬಾಲ್ಟಿಮೋರ್ ಈ ಒಂದು ವಂಶವಾಹಿಯನ್ನು ಇಲಿಗಳ ಮಜ್ಜೆಗೆ ಸೇರಿಸಿದಾಗ ಇಲಿಗಳಿಗೆ ಸಿಎಂಎಲ್‌ನಂಥ ಕಾಯಿಲೆ ಬಂತು. ಕಾರಣವೋ ಪರಿಣಾಮವೋ ಎಂಬ ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಆ ಕಿಣ್ವವೊಂದನ್ನು ಮಾತ್ರ ತಡೆಯುವ ಔಷಧವಿದ್ದರೆ? ಸ್ವಿಟ್ಜರ್ಲೆಂಡಿನ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್ ಅವರ ತಂಡ ತಯಾರಿಸಿದ್ದ ರಾಸಾಯನಿಕಗಳನ್ನು ಆರೆಗಾನ್‌ನ ವೈದ್ಯ ಬ್ರಯನ್ ಡ್ರುಕರ್ ರೋಗಿಗಳ ಜೀವಕೋಶಗಳ ಮೇಲೆ ಪರೀಕ್ಷಿಸಿದರು. ಒಂದು ಸಂಯುಕ್ತ ಕಾಯಿಲೆಯ ಕೋಶಗಳನ್ನು ಕೊಂದು ಆರೋಗ್ಯವಂತ ಕೋಶಗಳನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟಿತು. ರೋಗಿಗಳ ಸಂಖ್ಯೆ ಸಣ್ಣದಾದ್ದರಿಂದ ಕಂಪನಿಗೆ ಅಂಥ ಉತ್ಸಾಹವಿರಲಿಲ್ಲ. ಡ್ರುಕರ್ ಪಟ್ಟುಬಿಡಲಿಲ್ಲ. 1998ರ ಜೂನ್‌ನಲ್ಲಿ ಮೊದಲ ರೋಗಿಗೆ ಗುಳಿಗೆ ಕೊಟ್ಟರು. ಹಳೆಯ ಚಿಕಿತ್ಸೆ ಫಲಿಸದೆ ಹೋಗಿದ್ದ 54 ಮಂದಿಗೆ ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಕೊಟ್ಟಾಗ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. ರಕ್ತಶಾಸ್ತ್ರದಲ್ಲಿ ಇದು ಅಪರೂಪದ ಅಂಕಿ. 2001ರ ಮೇ 10ರಂದು ಇಮ್ಯಾಟಿನಿಬ್ ಎಂಬ ಹೆಸರಿನ ಆ ಗುಳಿಗೆಗೆ ಅಮೆರಿಕ ಒಪ್ಪಿಗೆ ನೀಡಿತು. ಊಟದ ಮೇಜಿನಿಂದ ಗುಳಿಗೆಗೆ ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು.

ಗುಳಿಗೆ ಬಂದರೆ ಸಾಕೆ, ಕೈಗೆಟುಕಬೇಕಲ್ಲ. ಸೀಬಾ-ಗೈಗಿ ಅಷ್ಟರಲ್ಲಿ ನೊವಾರ್ಟಿಸ್ ಆಗಿತ್ತು. ಭಾರತದಲ್ಲಿ ಅದು ಮಾರುತ್ತಿದ್ದ ಇಮ್ಯಾಟಿನಿಬ್ ‘ಗ್ಲೀವೆಕ್’ ಆಗ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲಿತ್ತು. ನ್ಯಾಟ್ಕೊ, ಸಿಪ್ಲಾದಂಥ ದೇಶೀ ಕಂಪನಿಗಳು ಅದೇ ಔಷಧವನ್ನು ಸುಮಾರು ಹತ್ತು ಸಾವಿರಕ್ಕೆ ಕೊಡುತ್ತಿದ್ದವು. ನೊವಾರ್ಟಿಸ್ ಅನೇಕ ಬಡ ರೋಗಿಗಳಿಗೆ ಉಚಿತವಾಗಿಯೂ ಗುಳಿಗೆ ಹಂಚುತ್ತಿತ್ತು, ಅದನ್ನೂ ಹೇಳಬೇಕು. ಔಷಧದ ಒಂದು ನಿರ್ದಿಷ್ಟ ಸ್ಫಟಿಕ ರೂಪಕ್ಕೆ ಪೇಟೆಂಟ್ ಕೇಳಿ ನೊವಾರ್ಟಿಸ್ ಸಲ್ಲಿಸಿದ್ದ ಅರ್ಜಿಯನ್ನು ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ತಳ್ಳಿಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಗೊತ್ತಿರುವ ಔಷಧಿಯ ಹೊಸ ರೂಪ ಮೊದಲಿನದಕ್ಕಿಂತ ಚಿಕಿತ್ಸೆಯಲ್ಲಿ ಹೆಚ್ಚು ಪರಿಣಾಮಕಾರಿ ಎಂದು ಸಿದ್ಧವಾಗದಿದ್ದರೆ ಪೇಟೆಂಟ್ ಇಲ್ಲ ಎನ್ನುತ್ತದೆ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಂ. ಅದನ್ನು ಎತ್ತಿಹಿಡಿದು ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ದೇಸಾಯಿ 2013ರ ಏಪ್ರಿಲ್ 1ರಂದು ಕಂಪನಿಯ ಮೇಲ್ಮನವಿಯನ್ನು ವಜಾ ಮಾಡಿದರು. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮ ದೇಶಗಳಿಗಿಂತ ಚಿಕ್ಕ ವಯಸ್ಸಿಗೇ ಬರುತ್ತದೆ. ಮೂವತ್ತು ನಲವತ್ತರ ಆಸುಪಾಸಿನ, ದುಡಿದು ಮನೆ ನಡೆಸುವವರೇ ಹೆಚ್ಚು. ನಿತ್ಯ ನುಂಗಬೇಕಾದ ಗುಳಿಗೆಯ ಬೆಲೆ ಅವರಿಗೆ ಬದುಕಿನ ಬೆಲೆಯೇ. ಆ ತೀರ್ಪು ನನಗೆ ವಿಜ್ಞಾನದ ಈ ಚರಿತ್ರೆಯ ಒಳಗಿನ ಘಟನೆಯಾಗಿಯೇ ಕಾಣುತ್ತದೆ.

ಗುಳಿಗೆಗೆ ಬಗ್ಗದ ಕಾಯಿಲೆಯೂ ಉಂಟು. ಕಿಣ್ವದ ಆಕಾರ ಕೊಂಚ ಬದಲಾದರೆ ಇಮ್ಯಾಟಿನಿಬ್ ಅಂಟಿಕೊಳ್ಳದು. ಅಂಥವರಿಗಾಗಿ ಡಾಸಾಟಿನಿಬ್, ನಿಲೋಟಿನಿಬ್ ಮುಂತಾದವು ಬಂದವು. ಎರಡು ವರ್ಷಕ್ಕೂ ಹೆಚ್ಚು ಕಾಲ ಕಾಯಿಲೆಯ ಸುಳಿವೇ ಇಲ್ಲದವರು ಗುಳಿಗೆ ನಿಲ್ಲಿಸಿ ನೋಡಿದ ಫ್ರೆಂಚ್ ಅಧ್ಯಯನವೊಂದರ ಫಲ 2010ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಸುಮಾರು ನಾಲ್ವರಿಗೆ ಕಾಯಿಲೆ ಮರಳಿರಲಿಲ್ಲ.

ರೌಲಿ ಇದನ್ನೆಲ್ಲ ಕಂಡರು. 1998ರಲ್ಲಿ ನೋವೆಲ್ ಮತ್ತು ಆಲ್ಫ್ರೆಡ್ ನುಡ್ಸನ್ ಜತೆ ಲಾಸ್ಕರ್ ಪ್ರಶಸ್ತಿ, 2009ರಲ್ಲಿ ಅಧ್ಯಕ್ಷ ಒಬಾಮ ಕೈಯಿಂದ ಸ್ವಾತಂತ್ರ್ಯ ಪದಕ, 2012ರಲ್ಲಿ ಡ್ರುಕರ್ ಮತ್ತು ಲೈಡನ್ ಜತೆ ಜಪಾನ್ ಪ್ರಶಸ್ತಿ ಬಂದವು. ನೊಬೆಲ್ ಬರಲಿಲ್ಲ. ಎಂಬತ್ತು ದಾಟಿದ ಮೇಲೂ ಸೈಕಲ್ ತುಳಿದುಕೊಂಡು ಲ್ಯಾಬಿಗೆ ಹೋಗುತ್ತಿದ್ದ ಅವರು 2013ರ ಡಿಸೆಂಬರ್ 17ರಂದು, ಅಂಡಾಶಯದ ಕ್ಯಾನ್ಸರಿನಿಂದ, ಎಂಬತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತದ ಕ್ಯಾನ್ಸರುಗಳನ್ನು ಹೊಸದಾಗಿ ವಿಂಗಡಿಸಿದಾಗ ಕೆಲವು ಎಎಂಎಲ್‌ಗಳನ್ನು ವರ್ಣತಂತುಗಳ ಅದಲುಬದಲಿನಿಂದಲೇ ಹೆಸರಿಸಿತು. ಆ ಪಟ್ಟಿಯಲ್ಲಿ 8 ಮತ್ತು 21 ಇದೆ, 15 ಮತ್ತು 17 ಇದೆ. ಇವತ್ತು ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಸಿಎಂಎಲ್ ಇದೆಯೆಂಬ ಶಂಕೆ ಬಂದರೆ ವೈದ್ಯರು ಮೊದಲು ಮಾಡಿಸುವ ಪರೀಕ್ಷೆಗಳಲ್ಲಿ ಒಂದು ಬಿಸಿಆರ್-ಏಬಲ್. 9 ಮತ್ತು 22 ಬೆಸೆದಿವೆಯೇ ಎಂದು ಅದು ಹೇಳುತ್ತದೆ, ಗುಳಿಗೆ ಬರೆಯುವುದು ಅದನ್ನು ನೋಡಿದ ಮೇಲೆ.